ಕಲ್ಲನ್ನು ಓದುವ ಕೈ

ಕಲ್ಲಿನಿಂದ ಬಾಣದ ಮೊನೆ ಮಾಡುವ ಹವ್ಯಾಸ ಅಮೆರಿಕದಲ್ಲಿ ಇಂದಿಗೂ ಜೀವಂತ. ಕಲಿಯುವವರು ಗೌರವದಿಂದ ನೆನೆಯುವ ಹೆಸರು ಇಶಿ. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಗುಳಿದ ಈತ 1911ರಲ್ಲಿ ಕಾಡಿನಿಂದ ಹೊರಬಂದ. 1916ರಲ್ಲಿ ತೀರಿಕೊಳ್ಳುವ ಮುನ್ನ ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಸಂಗ್ರಹಾಲಯದಲ್ಲಿ ಜನರೆದುರು ಕೂತು ಮೊನೆ ಮಾಡಿ ತೋರಿಸುತ್ತಿದ್ದ. ಜ್ವಾಲಾಮುಖಿಯಿಂದ ಹುಟ್ಟಿದ ಅಬ್ಸಿಡಿಯನ್ ಕಲ್ಲಷ್ಟೇ ಅಲ್ಲ, ಬಾಟಲಿಯ ಗಾಜೂ ಅವನ ಕೈಗೆ ಒಗ್ಗಿತ್ತು.

ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗುವುದು ಅದರ ಲೆಕ್ಕಾಚಾರ. ಮೊದಲು ದುಂಡುಕಲ್ಲಿನಿಂದ ಹೊಡೆದು ದೊಡ್ಡ ಚಕ್ಕೆ ಎಬ್ಬಿಸಬೇಕು. ಅದರ ಅಂಚು ತೀರಾ ತೆಳುವಾಗಿದ್ದರೆ ಒತ್ತಿದ ಕೂಡಲೇ ಪುಡಿಯಾಗುತ್ತದೆ. ಅದಕ್ಕೇ ಒರಟು ಕಲ್ಲಿಗೆ ತಿಕ್ಕಿ ಗಟ್ಟಿ ಮಾಡಿಕೊಳ್ಳುತ್ತಾರೆ. ಆಮೇಲೆ ಅಂಗೈಗೆ ದಪ್ಪ ಚರ್ಮ ಹಾಸಿ, ಚಕ್ಕೆಯನ್ನು ಅದರ ಮೇಲಿಟ್ಟು, ಜಿಂಕೆ ಕೊಂಬಿನ ಇಲ್ಲವೇ ತಾಮ್ರದ ಮೊನೆಯಿಂದ ಅಂಚನ್ನು ಒಳಮುಖವಾಗಿ ಒತ್ತಬೇಕು. ಒತ್ತಡ ಸಾಕಷ್ಟಾದಾಗ ತುಸು ಕೆಳಕ್ಕೆ ಜಗ್ಗಿದರೆ, ಟಿಕ್ ಎಂದು ಮೀನಿನ ಹುರುಪೆಯಂಥ ಚೂರು ಅಡಿಯಿಂದ ಕಳಚುತ್ತದೆ. ಅದು ಬಿಟ್ಟುಹೋದ ಏಣೇ ಮುಂದಿನ ಚೂರಿಗೆ ದಾರಿ. ಬಾಣದ ಕಡ್ಡಿಗೆ ಕಟ್ಟಲು ಬೇಕಾದ ಕಚ್ಚುಗಳನ್ನು ಕೊನೆಗೆ ತೆಗೆಯುತ್ತಾರೆ. ಮೊನೆ ಮುರಿದು ಅಷ್ಟು ಹೊತ್ತಿನ ಶ್ರಮವೆಲ್ಲ ವ್ಯರ್ಥವಾಗಬಹುದಾದ ಗಳಿಗೆ ಅದೇ.

ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹಾಗಾಗಿ ಬಯಲಲ್ಲೇ ಕೂರಬೇಕು.

ಕಲ್ಲು ಕೆತ್ತುವ ಈ ವಿದ್ಯೆ ಅಮೆರಿಕದ್ದಷ್ಟೇ ಅಲ್ಲ; ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಒಂದು ಮೊನೆಯನ್ನಾದರೂ ಸ್ವತಃ ಮಾಡಿದವರಿಗೆ ಅಂಥ ಕಲ್ಲುಗಳ ಒಂದೊಂದು ಗುರುತಿನ ಹಿಂದೆಯೂ ಯೋಚಿಸಿ ಹಾಕಿದ ಪೆಟ್ಟು ಕಾಣುತ್ತದೆ. ಈ ಹವ್ಯಾಸ ಕೊಡುವ ದೊಡ್ಡ ವಿದ್ಯೆ ಅದೇ.