ಲೇಖಕಿಯ ಮನೆಯ ನಾಯಿ

ದೊಡ್ಡ ಲೇಖಕರ ದಿನಚರಿಯನ್ನು ಓದುವಾಗ ನಾವೆಲ್ಲರೂ ಒಂದು ತಪ್ಪು ಮಾಡುತ್ತೇವೆ. ಕೃತಿರಚನೆಯ ಮಾತು ಬಂದ ಪುಟಗಳಿಗೆ ಪೆನ್ಸಿಲಿನ ಗುರುತು ಹಾಕುತ್ತೇವೆ. ಊಟ, ತಿರುಗಾಟ, ನಾಯಿ, ಅಡಿಗೆಯವಳು ಇವರ ಮಾತು ಬಂದರೆ ಬೇಗಬೇಗ ಹಾಳೆ ಮಗುಚುತ್ತೇವೆ. ವರ್ಜೀನಿಯಾ ವುಲ್ಫಳ ದಿನಚರಿಯ ಮಟ್ಟಿಗೆ ಈ ಆಯ್ಕೆಯನ್ನು ನಮ್ಮ ಪರವಾಗಿ ಆಕೆಯ ಪತಿ ಲೆನಾರ್ಡನೇ ಮಾಡಿಟ್ಟ. 1953ರಲ್ಲಿ ಆತ ಪ್ರಕಟಿಸಿದ ಒಂದೇ ಸಂಪುಟದಲ್ಲಿ ಇದ್ದುದು ಬಹುಮಟ್ಟಿಗೆ ಬರವಣಿಗೆಗೆ ಸಂಬಂಧಿಸಿದ ಭಾಗಗಳು ಮಾತ್ರ. ಇದರಿಂದ ಮೂಡುವ ಚಿತ್ರ ಸಂಪೂರ್ಣವಲ್ಲವೆಂದು ಆತನೇ ಮುನ್ನುಡಿಯಲ್ಲಿ ಎಚ್ಚರಿಸಿದ್ದ. ಇಡೀ ದಿನಚರಿ ಐದು ಸಂಪುಟಗಳಲ್ಲಿ ಹೊರಬಂದುದು 1977ರಿಂದ 1984ರವರೆಗಿನ ಅವಧಿಯಲ್ಲಿ. ಆಗಲೇ ಓದುಗರಿಗೆ ಲೇಖಕಿಯ ಜೊತೆಗೆ ಆಕೆಯ ಮನೆಯೂ ಕಾಣಿಸಿತು.

ಆ ಮನೆ ಸಸೆಕ್ಸ್ ಪ್ರಾಂತದ ರಾಡ್‌ಮೆಲ್ ಎಂಬ ಹಳ್ಳಿಯಲ್ಲಿದೆ. ದಂಪತಿಗಳು ಅದನ್ನು 1919ರಲ್ಲಿ ಏಳುನೂರು ಪೌಂಡಿಗೆ ಹರಾಜಿನಲ್ಲಿ ಕೊಂಡರು. ನಮ್ಮಲ್ಲಿ ಶ್ರಾವಣದ ಮಳೆ ಹಿಡಿದಿರುವ ಹೊತ್ತಿಗೆ ಅಲ್ಲಿ ಬೇಸಗೆಯ ಕೊನೆ. ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳನ್ನು ಅವರು ಲಂಡನ್ ಬಿಟ್ಟು ಅಲ್ಲಿ ಕಳೆಯುತ್ತಿದ್ದರು. ಬೆಳಿಗ್ಗೆ ತೋಟದ ಪುಟ್ಟ ಕೊಠಡಿಯಲ್ಲಿ ಬರವಣಿಗೆ. ಮಧ್ಯಾಹ್ನ ನಾಯಿಯೊಡನೆ ಗುಡ್ಡದ ಕಡೆಗೋ ಊಸ್ ನದಿಯ ಕಡೆಗೋ ನಡಿಗೆ. ಚಹದ ಹೊತ್ತಿನಲ್ಲಿ ದಿನಚರಿ. ರಾತ್ರಿ ಓದು, ಗ್ರಾಮಫೋನಿನ ಸಂಗೀತ. ಇಷ್ಟು ನಿಯಮಬದ್ಧವಾದ ಬದುಕಿನಿಂದ ಅಷ್ಟು ಅಲೆಅಲೆಯಾದ ಗದ್ಯ ಹೇಗೆ ಹುಟ್ಟಿತೆಂದು ಅಚ್ಚರಿಯಾಗುತ್ತದೆ. ಆದರೆ ಕಟ್ಟೆ ಗಟ್ಟಿಯಾಗಿದ್ದರಲ್ಲವೆ ಕೆರೆ ತುಂಬುವುದು?

1931ರ ಬೇಸಗೆಯಲ್ಲಿ 'ದಿ ವೇವ್ಸ್' ಕಾದಂಬರಿಯನ್ನು ಮುಗಿಸಿ ಆಕೆ ಬಳಲಿದ್ದಳು. ಅದು ಆರು ಮನಸ್ಸುಗಳ ಸ್ವಗತವನ್ನೇ ಹೆಣೆದು ಕಟ್ಟಿದ ಕಷ್ಟದ ಕೃತಿ. ದಣಿವಾರಿಸಿಕೊಳ್ಳಲು ತೋಟದಲ್ಲಿ ಒರಗಿ ಬ್ರೌನಿಂಗ್ ದಂಪತಿಗಳ ಪ್ರೇಮಪತ್ರಗಳನ್ನು ಓದಿದಳು. ಅವುಗಳಲ್ಲಿ ಬರುವ ನಾಯಿ ಆಕೆಯನ್ನು ನಗಿಸಿತು. ಆ ನಗುವಿನಿಂದ ಹುಟ್ಟಿದ್ದು 1933ರಲ್ಲಿ ಪ್ರಕಟವಾದ 'ಫ್ಲಷ್': ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ನಾಯಿಯ ಜೀವನಚರಿತ್ರೆ. ನಾಯಿಯ ಮನಸ್ಸನ್ನು ಆಕೆ ಕೇವಲ ಕಲ್ಪನೆಯಿಂದ ಬರೆಯಬೇಕಾಗಿರಲಿಲ್ಲ. ಗೆಳತಿ ವೀಟಾ ಸ್ಯಾಕ್‌ವಿಲ್-ವೆಸ್ಟ್ 1926ರಲ್ಲಿ ಕೊಟ್ಟ ಪಿಂಕಾ ಎಂಬ ಅದೇ ಸ್ಪೇನಿಯಲ್ ಜಾತಿಯ ನಾಯಿ ಮನೆಯಲ್ಲೇ ಓಡಾಡಿಕೊಂಡಿತ್ತು.

ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಅದೇ ಅದಕ್ಕೆ ಮುಳುವಾಯಿತೆನ್ನಬೇಕು. ವಿಮರ್ಶಕರು ಇದನ್ನು ಹೆಂಗಸಿನ ಮುದ್ದಾದ ಹರಟೆಯೆಂದು ಹೊಗಳಿಯಾರೆಂದು ಲೇಖಕಿಯೇ ಅಂಜಿದ್ದಳು. ಇಂದಿಗೂ ಹಲವರು ಇದನ್ನು ರಜೆಯ ಆಟವೆಂದು ಬದಿಗಿಡುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಕಣ್ಣಿಗೆ ಬದಲು ಮೂಗಿನಿಂದ ಲೋಕವನ್ನು ಅರಿಯುವ ಜೀವಿಯನ್ನು ನಡುವೆ ನಿಲ್ಲಿಸಿದೊಡನೆ, ಭಾಷೆಗೆ ಎಷ್ಟು ಕಡಿಮೆ ವಾಸನೆ ಗೊತ್ತು ಎಂಬುದು ಬಯಲಾಗುತ್ತದೆ. 'ದಿ ವೇವ್ಸ್' ಎತ್ತಿದ ಪ್ರಶ್ನೆಯೇ ಇದು: ಒಂದು ಅರಿವು ಮತ್ತೊಂದನ್ನು ಮುಟ್ಟಬಲ್ಲುದೆ? ಕಳ್ಳರು ನಾಯಿಯನ್ನು ಕದ್ದೊಯ್ಯುವ ಅಧ್ಯಾಯವಂತೂ ನಗುವಿನದಲ್ಲ. ಹಾಸಿಗೆ ಹಿಡಿದಂತಿದ್ದ ಕವಯಿತ್ರಿ ದಾಸಿಯೊಡನೆ ಗಾಡಿಯೇರಿ ಕೊಳೆಗೇರಿಗೆ ಹೋಗುತ್ತಾಳೆ. ಶ್ರೀಮಂತರ ಬೀದಿಯ ಬೆನ್ನಿಗೇ ಅಂಟಿಕೊಂಡ ದಾರಿದ್ರ್ಯವನ್ನು ಮೊದಲ ಸಲ ನೋಡುತ್ತಾಳೆ. ಇಟಲಿಗೆ ಹೋದಮೇಲೆ ಕಥೆ ಸ್ವಲ್ಪ ತೆಳ್ಳಗಾಗುತ್ತದೆಂಬುದನ್ನು ಒಪ್ಪಬೇಕು. ಬಿಸಿಲು ಹೆಚ್ಚಿದಷ್ಟೂ ಬಿಗಿ ಸಡಿಲುತ್ತದೆ.

ಆದರೆ ನನ್ನನ್ನು ಹೆಚ್ಚಾಗಿ ಕಾಡಿದುದು ಪುಸ್ತಕದ ಕೊನೆಯ ಟಿಪ್ಪಣಿಗಳಲ್ಲಿರುವ ಒಂದು ವಿಷಯ. ಕವಯಿತ್ರಿಯೊಡನೆ ಇಟಲಿಗೆ ಬಂದ ದಾಸಿ ಲಿಲ್ಲಿ ವಿಲ್ಸನಳ ಬಗ್ಗೆ ವುಲ್ಫ್ ಹಲವು ಪುಟಗಳ ಟಿಪ್ಪಣಿ ಬರೆದಿದ್ದಾಳೆ. ನಾಯಿಗೆ ಒಂದು ಪೂರ್ತಿ ಜೀವನಚರಿತ್ರೆ, ದಾಸಿಗೆ ಅಡಿಟಿಪ್ಪಣಿ! ಇದು ವ್ಯಂಗ್ಯವೆಂದು ಲೇಖಕಿಗೆ ತಿಳಿದಿಲ್ಲದಿರಲಿಲ್ಲ. ದಾಸಿಯರ ಬದುಕನ್ನು ಯಾರೂ ಬರೆದಿಡಲಿಲ್ಲವೆಂಬ ಕೊರಗು ಆ ಟಿಪ್ಪಣಿಯ ಸಾಲುಸಾಲಿನಲ್ಲೂ ಇದೆ.

ಹಾಗಾದರೆ ಆಕೆಯ ಮನೆಯಲ್ಲಿ? ನೆಲ್ಲಿ ಬಾಕ್ಸಾಲ್ ಎಂಬಾಕೆ 1916ರಿಂದ 1934ರವರೆಗೆ ಅಲ್ಲಿ ಅಡಿಗೆ ಮಾಡಿದಳು. ಪೂರ್ಣ ದಿನಚರಿಯಲ್ಲಿ ಆಕೆಯೊಡನೆ ನಡೆದ ಜಗಳ, ರಾಜಿ, ಮತ್ತೆ ಜಗಳ ಇವು ಕೊನೆಯಿಲ್ಲದಂತೆ ಬರುತ್ತವೆ. ಲೇಖಕಿಯ ಮಾತು ಅನೇಕ ಕಡೆ ನಿಷ್ಠುರ, ಕೆಲವು ಕಡೆ ಸಣ್ಣದು. 1929ರ ಸೆಪ್ಟೆಂಬರಿನಲ್ಲಿ ರಾಡ್‌ಮೆಲ್‌ಗೆ ಎಣ್ಣೆಯ ಒಲೆ ಬಂದಾಗ, ಇನ್ನು ತಾನೇ ಅಡಿಗೆ ಮಾಡಿಕೊಂಡು ಯಾರ ಹಂಗೂ ಇಲ್ಲದೆ ಇರಬಹುದೆಂದು ಆಕೆ ಹಿಗ್ಗಿದಳು. ಬರೆಯುವ ಹೆಂಗಸಿಗೆ ಹಣವೂ ಸ್ವಂತ ಕೋಣೆಯೂ ಬೇಕೆಂದು ಸಾರಿದ 'ಎ ರೂಮ್ ಆಫ್ ಒನ್ಸ್ ಓನ್' ಪ್ರಕಟವಾದುದು ಅದೇ ವರ್ಷದ ಅಕ್ಟೋಬರಿನಲ್ಲಿ. ಕೋಣೆಯ ಬಾಗಿಲು ಹಾಕಿಕೊಂಡಾಗ ಹೊರಗೆ ಒಲೆಯ ಮುಂದೆ ಯಾರಿದ್ದರು ಎಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಸಿಗುವ ಉತ್ತರ ಅರ್ಧ. ಉಳಿದರ್ಧ ಇರುವುದು ದಿನಚರಿಯಲ್ಲಿ.

ಇದನ್ನು ಹೇಳುವುದು ಲೇಖಕಿಯನ್ನು ಕಟಕಟೆಯಲ್ಲಿ ನಿಲ್ಲಿಸಲು ಅಲ್ಲ. ತನ್ನ ಸಣ್ಣತನವನ್ನೂ ಮುಚ್ಚದೆ ಬರೆದಿಟ್ಟುದರಿಂದಲೇ ನಮಗೆ ಇಷ್ಟು ತಿಳಿಯಿತು. ಲೆನಾರ್ಡನ ಒಂದು ಸಂಪುಟವನ್ನು ಓದಿದವರಿಗೆ ಒಬ್ಬ ಕಲೆಗಾರ್ತಿ ದೊರೆತಳು. ಐದನ್ನೂ ಓದಿದವರಿಗೆ ಆ ಕಲೆಗೆ ಬೆಲೆ ತೆತ್ತವರೆಲ್ಲರೂ ದೊರೆಯುತ್ತಾರೆ. ನಾಯಿ, ತೋಟ, ಒಲೆ, ಅಡಿಗೆಯವಳು ಇವು ಸಾಹಿತ್ಯದ ಹೊರಗಿನ ವಿಷಯಗಳೆಂದು ಹಾಳೆ ಮಗುಚುವ ಕೈಯನ್ನು ಮುಂದಿನ ಸಲ ನಾವು ಕೊಂಚ ತಡೆಯೋಣ. ಲಿಲ್ಲಿ ವಿಲ್ಸನಳಿಗೆ ಕೊನೆಗೆ ಟಿಪ್ಪಣಿಯಾದರೂ ದೊರೆಯಿತು. ನಮ್ಮ ಹಿರಿಯ ಲೇಖಕರ ಜೀವನಚರಿತ್ರೆಗಳಲ್ಲಿ, ಅವರು ಬರೆಯುತ್ತಿದ್ದಾಗ ಅನ್ನ ಬೇಯಿಸಿದವರಿಗೆ ಅಷ್ಟು ಸ್ಥಳವಾದರೂ ಇದೆಯೆ?