ಏಣಿ ಬಿದ್ದ ಸದ್ದು

ಟಿಪ್ಪಣಿ ಇರುವುದು ಮೂರೇ ಸಾಲು. ‘ಏಣಿ ಕೊಡದೆ ಓಡಿಹೋದಳು. ಬಟನ್ ಮೇಲೆ ಬೆರಳು ಹಾಗೇ ನಿಂತಿತು. ಏನೋ ಆಯ್ತು ಅಂತ ಎದೆ ಧಸಕ್ಕಂತು.’ ಪಿಯುಸಿಯ ಅಕೌಂಟೆನ್ಸಿ ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ, ಕೊನೆಯ ಹಾಳೆಯಿಂದ ಶುರುಮಾಡಿ ಬರೆದದ್ದು. ಬರೆದವನು ಹೊನ್ನಾವರದ ಕಡೆಯ ಹುಡುಗ. ಪಿಯುಸಿ ಮುಗಿಸಿ ಬಿಸಿಎ ಓದಲು ಬೆಂಗಳೂರಿನ ಪಿಜಿಯೊಂದಕ್ಕೆ ಬರುವಾಗ ಆ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಬಂದ. ಆಡಿದ ಗೇಮು, ನೋಡಿದ ಸಿನಿಮಾ, ಮುಗಿಸಿದ ಸೀರೀಸು ಎಲ್ಲಕ್ಕೂ ಅದರಲ್ಲಿ ಎರಡು ಮೂರು ಸಾಲುಂಟು. ಮೂಲೆಯಲ್ಲಿ ಹತ್ತಕ್ಕೆ ಇಷ್ಟು ಅಂತ ಅಂಕ. ಯಾರೂ ಓದಲಿ ಎಂದು ಬರೆದದ್ದಲ್ಲ.

ಇಂಥ ಬರಹವನ್ನು ವಿಮರ್ಶೆ ಎಂದು ಯಾರೂ ಕರೆಯುವುದಿಲ್ಲ. ‘ಸಖತ್’, ‘ಬೋರು’, ‘ಕ್ಲೈಮ್ಯಾಕ್ಸ್ ಮಾತ್ರ ಓಕೆ’ ಎಂಬ ಮಾತುಗಳಲ್ಲಿ ವಾದ ಎಲ್ಲಿದೆ, ಪುರಾವೆ ಎಲ್ಲಿದೆ ಎಂದು ಕೇಳುವುದು ಸುಲಭ. ಆದರೆ ಆ ಏಣಿಯ ಮೂರು ಸಾಲು ಹಿಡಿದಿರುವ ಸಂಗತಿಯನ್ನು ಸಿನಿಮಾ ಮಾತ್ರ ಬಲ್ಲ ವಿಮರ್ಶಕ ಎಷ್ಟೇ ಓದಿಕೊಂಡಿದ್ದರೂ ಬರೆಯಲಾರ. ಅವನ ಕೈಯಲ್ಲಿ ಆ ಬಟನ್ ಇರಲಿಲ್ಲ.

ಆ ಸಾಲುಗಳು ‘ದಿ ಲಾಸ್ಟ್ ಆಫ್ ಅಸ್’ ಗೇಮಿನ ಬಗ್ಗೆ. ಅದು 2013ರ ಜೂನ್‌ನಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂತು. ಮಾಡಿದ್ದು ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಸಂಸ್ಥೆ, ಬರೆದದ್ದು ನೀಲ್ ಡ್ರಕ್‌ಮನ್. ಇರುವೆಗಳ ಮೈಹೊಕ್ಕು ಅವುಗಳನ್ನು ಕುಣಿಸುವ ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಮನುಷ್ಯರಿಗೂ ಅಂಟಿಕೊಂಡರೆ ಏನಾದೀತು ಎಂಬಲ್ಲಿಂದ ಕಥೆ ಹೊರಡುತ್ತದೆ. ಊರುಗಳು ಹಾಳುಬಿದ್ದು ಇಪ್ಪತ್ತು ವರ್ಷವಾದ ಮೇಲೆ ಜೋಯಲ್ ಎಂಬ ನಡುವಯಸ್ಸಿನ ಕಳ್ಳಸಾಗಣೆದಾರ, ಸೋಂಕು ತಗುಲಿಯೂ ಬದುಕುಳಿದ ಹದಿನಾಲ್ಕರ ಎಲಿ ಎಂಬ ಹುಡುಗಿಯನ್ನು ಅಮೆರಿಕದ ಉದ್ದಕ್ಕೂ ಕರೆದೊಯ್ಯಬೇಕು. ಮಗಳನ್ನು ಕಳೆದುಕೊಂಡವನು ಅವನು.

ದಾರಿಯಲ್ಲಿ ಎತ್ತರದ ಗೋಡೆ ಬಂದಾಗಲೆಲ್ಲ ಒಂದೇ ಕ್ರಮ. ಆಡುವವನು ತ್ರಿಕೋನದ ಬಟನ್ ಒತ್ತುತ್ತಾನೆ, ಜೋಯಲ್ ಬೊಗಸೆ ಕಟ್ಟಿ ನಿಲ್ಲುತ್ತಾನೆ, ಹುಡುಗಿ ಅದರ ಮೇಲೆ ಕಾಲಿಟ್ಟು ಹತ್ತಿ ಮೇಲಿಂದ ಏಣಿ ಇಳಿಸುತ್ತಾಳೆ. ಗಂಟೆಗಟ್ಟಲೆ ಆಡುತ್ತಾ ಹೋದಂತೆ ಇದು ಬೆರಳಿಗೆ ರೂಢಿಯಾಗುತ್ತದೆ. ಎಷ್ಟೋ ಮಂದಿಗೆ ಬೇಸರವೂ ಬರುತ್ತದೆ, ಮತ್ತೆ ಅದೇ ಏಣಿಯೇ ಎಂದು. ಆಮೇಲೆ ಕಥೆ ಚಳಿಗಾಲ ದಾಟುತ್ತದೆ. ಆ ಚಳಿಗಾಲದಲ್ಲಿ ಎಲಿ ಅನುಭವಿಸಿದ್ದು ಹೇಳಿಕೊಳ್ಳುವಂಥದ್ದಲ್ಲ. ವಸಂತ ಬಂದು, ಸಾಲ್ಟ್ ಲೇಕ್ ಸಿಟಿಯ ಪಾಳುಬಿದ್ದ ಬಸ್ ನಿಲ್ದಾಣದಲ್ಲಿ ಇಬ್ಬರೂ ನಡೆಯುತ್ತಿದ್ದಾರೆ. ಗೋಡೆ ಬಂತು, ಬಟನ್ ಒತ್ತಿದ್ದಾಯಿತು, ಜೋಯಲ್ ಬೊಗಸೆ ಕಟ್ಟಿ ನಿಂತ. ಹುಡುಗಿ ಬರಲಿಲ್ಲ. ಅತ್ತ ಎಲ್ಲೋ ನೋಡುತ್ತಾ ಕೂತಿದ್ದಾಳೆ. ಕರೆದ ಮೇಲೆ ಎದ್ದು ಬಂದು ಹತ್ತಿದಳು, ಏಣಿಗೆ ಕೈಹಾಕಿದಳು, ಏನನ್ನೋ ಕಂಡವಳಂತೆ ಅದನ್ನು ಅಲ್ಲೇ ಕೈಬಿಟ್ಟು ಓಡಿದಳು. ಅವಳ ಹಿಂದೆ ಏದುಸಿರು ಬಿಡುತ್ತಾ ಓಡಿದವನಿಗೆ ಕಾಣುವುದು ಒಡೆದ ಗೋಡೆಯಾಚೆ ಸೊಪ್ಪು ಮೇಯುತ್ತಾ ನಿಂತ ಜಿರಾಫೆ.

ಜಿರಾಫೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ಹುಡುಗನ ಟಿಪ್ಪಣಿಯಲ್ಲಿ ಜಿರಾಫೆಯ ಹೆಸರೇ ಇಲ್ಲ. ಅವನ ಮನಸ್ಸು ಹಿಡಿದದ್ದು ಅದಕ್ಕೂ ಮೊದಲಿನ ಗಳಿಗೆಯನ್ನು, ರೂಢಿ ತಪ್ಪಿದ ಆ ಒಂದು ಕ್ಷಣವನ್ನು. ಅವನ ಗಮನ ಹೋದದ್ದು ಸರಿಯಾದ ಕಡೆಗೇ. ಹುಡುಗಿಯ ಒಳಗೆ ಏನೋ ಮುರಿದಿದೆ ಎಂದು ಗೇಮ್ ಸಂಭಾಷಣೆಯಲ್ಲಿ ಹೇಳುವುದಕ್ಕೆ ಮುಂಚೆಯೇ ಬೆರಳಿಗೆ ಹೇಳಿಬಿಟ್ಟಿದೆ. ಅಷ್ಟು ಹೊತ್ತು ಬೇಸರವೆನಿಸಿದ ಏಣಿಗಳೆಲ್ಲ ಈ ಒಂದು ಗಳಿಗೆಗೆ ಮಾಡಿಕೊಂಡ ತಯಾರಿಯಾಗಿದ್ದವು.

ಈ ಗೇಮನ್ನು ಆಧರಿಸಿದ ಎಚ್‌ಬಿಒದ ಸೀರೀಸು 2023ರ ಜನವರಿಯಲ್ಲಿ ಶುರುವಾಯಿತು. ಡ್ರಕ್‌ಮನ್ ಜೊತೆಗೆ ಅದನ್ನು ರೂಪಿಸಿದವನು ‘ಚೆರ್ನೋಬಿಲ್’ ಮಾಡಿದ್ದ ಕ್ರೇಗ್ ಮೇಜಿನ್. ಜೋಯಲ್ ಆಗಿ ಪೆಡ್ರೊ ಪಾಸ್ಕಲ್, ಎಲಿಯಾಗಿ ಬೆಲ್ಲಾ ರಾಮ್ಸಿ. ನಮ್ಮಲ್ಲಿ ಹಾಟ್‌ಸ್ಟಾರ್‌ನಲ್ಲಿ ಸೋಮವಾರಕ್ಕೊಂದು ಕಂತು ಬರುತ್ತಿತ್ತು. ದೊಡ್ಡಪ್ಪನ ಮಗನ ಪ್ಲೇಸ್ಟೇಷನ್ನಿನಲ್ಲಿ ಗೇಮನ್ನು ಮೊದಲೇ ಆಡಿ ಮುಗಿಸಿದ್ದ ಈ ಹುಡುಗ, ಪಿಯುಸಿ ಪರೀಕ್ಷೆ ಎದುರಿಗಿದ್ದರೂ ಒಂಬತ್ತೂ ಕಂತು ಬಿಡಲಿಲ್ಲ. ಕೊನೆಯ ಕಂತಿನಲ್ಲಿ ಅದೇ ಏಣಿ ಬಂತು, ಅದೇ ಓಟ, ಅದೇ ಜಿರಾಫೆ. ಅದಕ್ಕಾಗಿ ಕ್ಯಾಲ್ಗರಿಯ ಮೃಗಾಲಯದ ನಿಜವಾದ ಜಿರಾಫೆಯನ್ನೇ ಚಿತ್ರೀಕರಿಸಿದ್ದರು. ದೃಶ್ಯ ಚೆಂದವಾಗಿದೆ, ರಾಮ್ಸಿಯ ಮುಖದಲ್ಲಿ ಮಗುತನ ಮರಳಿ ಬರುವುದು ಕಾಣುತ್ತದೆ. ಹುಡುಗ ಬರೆದದ್ದು ಇಷ್ಟೇ: ‘ಚೆನ್ನಾಗಿತ್ತು. ಆದರೆ ಏಣಿ ಬಿದ್ದಾಗ ಏನೂ ಆಗಲಿಲ್ಲ.’

ಏನೂ ಆಗದಿರಲು ಕಾರಣವಿದೆ. ಸೀರೀಸಿನಲ್ಲಿ ಏಣಿಯ ರೂಢಿಯನ್ನು ನೋಡುವವರ ಮೈಗೆ ಹತ್ತಿಸಿರಲಿಲ್ಲ. ಹತ್ತಿಸುವುದು ಸಾಧ್ಯವೂ ಇರಲಿಲ್ಲ. ಒಂದೇ ಕೆಲಸವನ್ನು ಮೂವತ್ತು ಸಲ ತೋರಿಸಿದರೆ ನೋಡುವವರು ಎದ್ದು ಹೋಗುತ್ತಾರೆ. ಆಡುವವನಿಗೆ ಮಾತ್ರ ಅದು ಅಭ್ಯಾಸವಾಗುತ್ತದೆ, ಅಭ್ಯಾಸವಾದದ್ದು ತಪ್ಪಿದಾಗಲೇ ಗಾಬರಿ. ಗೇಮಿನಿಂದ ಸಿನಿಮಾ ಮಾಡುವವರ ಮುಖ್ಯ ಕಷ್ಟವೇ ಇದು. ದೃಶ್ಯವನ್ನು ಹಾಗೆಯೇ ಎತ್ತಿ ತರಬಹುದು, ಕೈಯ ನೆನಪನ್ನು ತರಲಾಗದು. ಪಿಯುಸಿ ಓದುತ್ತಿದ್ದ ಹುಡುಗನೊಬ್ಬ ಇದನ್ನು ಎರಡು ಸಾಲಿನಲ್ಲಿ ಹಿಡಿದಿಟ್ಟಿದ್ದಾನೆ ಎಂಬುದನ್ನು ಗೌರವದಿಂದಲೇ ಓದಬೇಕು.

ಹಾಗೆಂದು ನೋಟ್‌ಬುಕ್ಕಿನ ಎಲ್ಲ ಹಾಳೆಗಳೂ ಇಷ್ಟು ಚುರುಕಾಗಿಲ್ಲ. ಅದೇ ಸೀರೀಸಿನ ಮೂರನೆಯ ಕಂತಿಗೆ ಅವನು ಕೊಟ್ಟದ್ದು ಹತ್ತಕ್ಕೆ ನಾಲ್ಕು. ‘ಗೇಮಲ್ಲಿ ಇಲ್ಲವೇ ಇಲ್ಲ. ಫಿಲ್ಲರ್.’

ಈ ತೀರ್ಪು ತಪ್ಪು. ಎಲ್ಲಿ ತಪ್ಪಿತು ಎಂದು ನೋಡುವುದು ಮುಖ್ಯ. ಗೇಮಿನಲ್ಲಿ ಬಿಲ್ ಎಂಬ ಸಿಡುಕನೊಬ್ಬ ಬೇಲಿ ಹಾಕಿಕೊಂಡು ಒಂಟಿಯಾಗಿದ್ದಾನೆ. ಅವನ ಜೊತೆಗಾರ ಫ್ರ್ಯಾಂಕ್ ಬಿಟ್ಟುಹೋಗಿ, ನೇಣು ಹಾಕಿಕೊಂಡು ಸತ್ತಿದ್ದಾನೆ. ಅವನು ಬರೆದಿಟ್ಟ ಕಹಿಯಾದ ಚೀಟಿಯೊಂದು ಆಡುವವನ ಕೈಗೆ ಸಿಗುತ್ತದೆ. ಸೀರೀಸಿನಲ್ಲಿ ಮೇಜಿನ್ ಈ ಚೀಟಿಯನ್ನು ತಿರುವುಮುರುವು ಮಾಡಿದ. ಬಿಲ್ ತೋಡಿದ ಗುಂಡಿಗೆ ಫ್ರ್ಯಾಂಕ್ ಬಂದು ಬೀಳುತ್ತಾನೆ, ಒಂದು ಹೊತ್ತು ಊಟ ಕೇಳುತ್ತಾನೆ, ಅಲ್ಲೇ ಉಳಿಯುತ್ತಾನೆ. ಹದಿನಾರು ವರ್ಷ ಇಬ್ಬರೂ ಸಂಸಾರ ಮಾಡುತ್ತಾರೆ. ಫ್ರ್ಯಾಂಕ್ ಗುಟ್ಟಾಗಿ ಬೆಳೆಸಿದ ಸ್ಟ್ರಾಬೆರಿ ಹಣ್ಣನ್ನು ಬಾಯಿಗಿಟ್ಟುಕೊಂಡ ಬಿಲ್, ಅಷ್ಟು ದೊಡ್ಡ ಆಳು, ಚಿಕ್ಕ ಹುಡುಗನಂತೆ ಕಿಲಕಿಲ ನಗುತ್ತಾನೆ. ಬಿಲ್ ಪಾತ್ರ ಮಾಡಿದ ನಿಕ್ ಆಫರ್‌ಮನ್‌ಗೆ ಎಮ್ಮಿ ಪ್ರಶಸ್ತಿ ಬಂತು. ಗೇಮು ಆಡುವವನನ್ನು ಜೋಯಲ್ಲನ ಇಲ್ಲವೇ ಎಲಿಯ ಮೈಯಿಂದ ಆಚೆ ಬಿಡುವುದೇ ಅಪರೂಪ. ಅವರಿಬ್ಬರೂ ಇಲ್ಲದ ಮನೆಯೊಂದರಲ್ಲಿ ಹದಿನಾರು ವರ್ಷ ಕಳೆಯುವುದು ಅದರಿಂದ ಆಗದ ಕೆಲಸ. ಕೈಯ ನೆನಪನ್ನು ತರಲಾಗದ ಸೀರೀಸು, ತನ್ನಿಂದ ಮಾತ್ರ ಆಗುವುದನ್ನು ಮಾಡಿ ತೋರಿಸಿದ್ದು ಇಲ್ಲಿ. ಇಡೀ ಸೀರೀಸಿನಲ್ಲಿ ಅತ್ಯುತ್ತಮವಾದದ್ದು ಈ ಕಂತೇ.

ಈ ಹುಡುಗನ ಊರಿನಲ್ಲಿ ‘ಆಟ’ ಎಂದರೆ ಯಕ್ಷಗಾನ. ಬೇರೆ ಕಡೆ ಸಿನಿಮಾ ಪೋಸ್ಟರಿನ ಮೇಲೂ ದಿನಕ್ಕೆ ನಾಲ್ಕು ಆಟಗಳು ಎಂದೇ ಅಚ್ಚಾಗುತ್ತಿತ್ತು. ಯಕ್ಷಗಾನಕ್ಕೆ ಬಂದು ಕೂತವರಿಗೆ ಪ್ರಸಂಗದ ಕಥೆ ಮೊದಲೇ ಗೊತ್ತು. ವಾಲಿ ಸಾಯುತ್ತಾನೆ ಎಂದು ಗೊತ್ತಿದ್ದೇ ಬೆಳಗಿನ ಜಾವದವರೆಗೆ ಕೂತಿರುತ್ತಾರೆ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಅದಕ್ಕೆ ಪಾತ್ರಧಾರಿ ಹೇಳುವ ಅರ್ಥ ಕಾಲು ಗಂಟೆಯಾದರೂ ಆದೀತು, ಅದೆಲ್ಲ ಅವನ ಸ್ವಂತದ್ದು. ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಜನ ಇಂದಿಗೂ ನೆನೆಯುವುದು ಪದ್ಯದಲ್ಲಿ ಇದ್ದದ್ದನ್ನು ಹೇಳಿದರು ಎಂದಲ್ಲ. ಪದ್ಯದಲ್ಲಿ ಇಲ್ಲ ಎಂಬ ದೂರನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಪಾತ್ರಕ್ಕೆ ಒಪ್ಪಿತೇ, ಮಾತು ಬೆಳೆಯಿತೇ, ಔಚಿತ್ಯ ಮೀರಿತೇ ಎಂದು ಕೇಳುತ್ತಾರೆ. ಫ್ರ್ಯಾಂಕ್ ಬಿಟ್ಟುಹೋದ ಚೀಟಿ ಪದ್ಯವಾದರೆ, ಮೂರನೆಯ ಕಂತು ಅದಕ್ಕೆ ಮೇಜಿನ್ ಹೇಳಿದ ಅರ್ಥ. ಈ ಅಳತೆಗೋಲು ಹುಡುಗನ ಮನೆಯಲ್ಲೇ ಇತ್ತು. ಅಜ್ಜನ ಪಕ್ಕ ಕಂಬಳಿ ಹೊದ್ದು ಕೂತು ಕಲಿತದ್ದನ್ನು ಪರದೆಯ ಮುಂದೆ ಅವನು ಬಳಸಲಿಲ್ಲ. ಬೇಸರವಾಗುವುದು ಅದಕ್ಕೆ.

ಗುರುತು ಹಿಡಿಯುವ ಖುಷಿಯೇ ಈ ಮರೆವಿಗೆ ಕಾರಣ. 2023ರ ಏಪ್ರಿಲ್‌ನಲ್ಲಿ ಬಂದ ಮಾರಿಯೊ ಅನಿಮೇಷನ್ ಚಿತ್ರದ ಬಗ್ಗೆ ನೋಟ್‌ಬುಕ್ಕಿನಲ್ಲಿರುವುದು ಬರೀ ಪಟ್ಟಿ: ಅಣಬೆ ಬಂತು, ಕಾರ್ಟ್ ರೇಸ್ ಬಂತು, ಹಳೆಯ ಮ್ಯೂಸಿಕ್ ಬಂತು. ಕೊನೆಗೆ ‘ಎಲ್ಲಾ ಇತ್ತು, 9/10.’ 1993ರಲ್ಲಿ ಬಾಬ್ ಹಾಸ್ಕಿನ್ಸ್ ನಟಿಸಿದ ಮಾರಿಯೊ ಚಿತ್ರ, ಗೇಮೊಂದನ್ನು ಆಧರಿಸಿ ಹಾಲಿವುಡ್ ಮಾಡಿದ ಮೊದಲ ದೊಡ್ಡ ಚಿತ್ರ, ಗುರುತೇ ಸಿಗದ ಕತ್ತಲ ಲೋಕ ಕಟ್ಟಿ ಸೋತಿತ್ತು. ಮೂವತ್ತು ವರ್ಷದ ಮೇಲೆ ಬಂದದ್ದು ಗುರುತನ್ನೇ ಬಂಡವಾಳ ಮಾಡಿಕೊಂಡು 130 ಕೋಟಿ ಡಾಲರ್ ದಾಟಿತು. ಬಣ್ಣ, ವೇಗ, ಸಂಗೀತ ಎಲ್ಲ ಇವೆ. ಮಾರಿಯೊಗೆ ಏನು ಬೇಕು, ಅದು ಸಿಗದಿದ್ದರೆ ಏನಾದೀತು ಎಂಬುದು ಮಾತ್ರ ಒಂದು ನಿಮಿಷವೂ ಕಾಡುವುದಿಲ್ಲ. ಗೇಮಿನಲ್ಲಿ ಹಳ್ಳಕ್ಕೆ ಬಿದ್ದು ಬಿದ್ದು ಎದ್ದವನ ಹಟವೇ ಮಾರಿಯೊ. ಚಿತ್ರದಲ್ಲಿ ಆ ಹಟವನ್ನು ಒಂದು ತರಬೇತಿಯ ದೃಶ್ಯದಲ್ಲಿ ಚಕಚಕನೆ ಮುಗಿಸಿದ್ದಾರೆ.

2025ರ ‘ಎ ಮೈನ್‌ಕ್ರಾಫ್ಟ್ ಮೂವಿ’ಯದೂ ಇದೇ ದಾರಿ. ಕೋಳಿಯ ಮೇಲೆ ಸವಾರಿ ಮಾಡುವ ಪುಟ್ಟ ಜಾಂಬಿ ಅಖಾಡಕ್ಕೆ ಇಳಿದು, ಜ್ಯಾಕ್ ಬ್ಲ್ಯಾಕ್ ಅದರ ಹೆಸರು ಕೂಗಿದಾಗ ಅಮೆರಿಕದ ಥಿಯೇಟರುಗಳಲ್ಲಿ ಹುಡುಗರು ಪಾಪ್‌ಕಾರ್ನ್ ತೂರಿದರು. ಕೆಲವೆಡೆ ಪೊಲೀಸರನ್ನೂ ಕರೆಸಬೇಕಾಯಿತು. ನಾಯಕನ ಎಂಟ್ರಿಗೆ ಕಾಗದದ ಚೂರು ತೂರಿದವರ ನಾಡಿನವರಿಗೆ ಆ ಸಂಭ್ರಮ ಅರ್ಥವಾಗುತ್ತದೆ, ಅದನ್ನು ಹೀಗಳೆಯಬೇಕಿಲ್ಲ. ಆದರೆ ಶಿಳ್ಳೆ ಬಿದ್ದದ್ದು ಗುರುತು ಸಿಕ್ಕಿದ್ದಕ್ಕೆ. 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆ ಗೇಮಿನಲ್ಲಿ ಕಥೆ ಎಂಬುದೇ ಹೆಚ್ಚಿಲ್ಲ. ಖಾಲಿ ಬಯಲಿನಲ್ಲಿ, ಕತ್ತಲಾಗುವ ಮುಂಚೆ, ಮಣ್ಣು ಅಗೆದು ತನಗೊಂದು ಗೂಡು ಕಟ್ಟಿಕೊಳ್ಳುವ ಆತಂಕವೇ ಅದರ ಜೀವ. ಆ ಮೊದಲ ರಾತ್ರಿಯ ಭಯ ಚಿತ್ರದಲ್ಲಿ ಎಲ್ಲಿ ಹೋಯಿತು ಎಂದು ನೋಟ್‌ಬುಕ್ ಕೇಳಲೇ ಇಲ್ಲ.

ಇಂಥ ಕಿರು ಅನಿಸಿಕೆಗಳಿಗೆ ಬಲವಿಲ್ಲ ಎನ್ನುವಂತೆಯೂ ಇಲ್ಲ. 2019ರಲ್ಲಿ ‘ಸೋನಿಕ್’ ಚಿತ್ರದ ಟ್ರೇಲರ್ ಬಂದಾಗ, ಮನುಷ್ಯರ ಹಲ್ಲಿಟ್ಟ ಆ ನೀಲಿ ಪ್ರಾಣಿಯನ್ನು ನೋಡಿ ಅಭಿಮಾನಿಗಳು ರೇಗಿದರು. ನಿರ್ದೇಶಕ ಜೆಫ್ ಫೌಲರ್ ಕೆಲವೇ ದಿನಗಳಲ್ಲಿ ಅದನ್ನು ಬದಲಿಸುವುದಾಗಿ ಹೇಳಿದ. ನವೆಂಬರ್‌ಗೆ ಬರಬೇಕಿದ್ದ ಚಿತ್ರ ಹೊಸ ರೂಪದೊಂದಿಗೆ 2020ರ ಫೆಬ್ರವರಿಗೆ ಬಂತು, ಗೆದ್ದಿತು.

ಈ ಎಲ್ಲದರ ನಡುವೆ ಹುಡುಗ ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ ಒಂದು ಹಾಳೆ ಇದೆ. ಅದು ‘ದಿ ಲಾಸ್ಟ್ ಆಫ್ ಅಸ್’ನ ಆಸ್ಪತ್ರೆಯ ದೃಶ್ಯದ್ದು. ಲಸಿಕೆಗಾಗಿ ಎಲಿಯ ಮಿದುಳಿಗೇ ಕೈಹಾಕಬೇಕು, ಅವಳು ಉಳಿಯುವುದಿಲ್ಲ ಎಂದು ತಿಳಿದ ಜೋಯಲ್ ಅಡ್ಡ ಬಂದವರನ್ನೆಲ್ಲ ಕೊಂದು ಅವಳನ್ನು ಎತ್ತಿಕೊಂಡು ಬರುತ್ತಾನೆ. ಸೀರೀಸಿನಲ್ಲಿ ಗುಂಡಿನ ಸದ್ದು ಕುಗ್ಗಿ ಸಂಗೀತ ಏರುತ್ತದೆ, ನೋಡುವವರು ದೂರ ನಿಂತು ಮರುಗುತ್ತಾರೆ. ಗೇಮಿನಲ್ಲಿ ದೂರ ನಿಲ್ಲುವಂತಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಡಾಕ್ಟರ್ ಚಾಕು ಹಿಡಿದು ಅಡ್ಡ ನಿಂತಿದ್ದಾನೆ. ಅವನನ್ನು ಕೊಲ್ಲದೆ ಕಥೆ ಮುಂದೆ ಹೋಗುವುದಿಲ್ಲ. ಪಕ್ಕದ ಇಬ್ಬರನ್ನು ಬಿಟ್ಟುಬಿಡಬಹುದು, ಅವನೊಬ್ಬನನ್ನು ಬಿಡಲಾಗದು. ಬಟನ್ ಒತ್ತುವವನು ಜೋಯಲ್ ಅಲ್ಲ, ಸೋಫಾದ ಮೇಲೆ ಕೂತ ಹುಡುಗ.

2020ರಲ್ಲಿ ಬಂದ ಎರಡನೆಯ ಭಾಗ ಆ ಡಾಕ್ಟರನ ಮಗಳು ಆ್ಯಬಿಯ ಸೇಡಿನಿಂದ ಶುರುವಾಗುತ್ತದೆ. ಅವಳು ಯಾರು ಎಂದು ಗೇಮು ಬಹಳ ಹೊತ್ತು ಬಿಟ್ಟುಕೊಡುವುದಿಲ್ಲ. ಅವಳನ್ನು ಚೆನ್ನಾಗಿ ದ್ವೇಷಿಸಲು ಬಿಟ್ಟು, ನಡುವೆ ಇದ್ದಕ್ಕಿದ್ದಂತೆ ಅವಳ ಮೈಯೊಳಗೇ ಕೂರಿಸುತ್ತದೆ. 2025ರ ಎರಡನೆಯ ಸೀಸನ್ ಅವಳ ಕಾರಣವನ್ನು ಮೊದಲಿಗೇ ಹೇಳಿಬಿಟ್ಟಿತು; ಟಿವಿ ನೋಡುವವರಿಗೆ ಅದು ನ್ಯಾಯವಿರಬಹುದು, ಆದರೆ ದ್ವೇಷಕ್ಕೆ ಕೊಡಬೇಕಾದ ಹೊತ್ತನ್ನು ಕೊಡಲಿಲ್ಲ. ಗೇಮಿನಲ್ಲಿ ಸಿಯಾಟಲ್‌ನ ಹಳೆಯ ನಾಟಕ ಮಂದಿರದ ಕತ್ತಲಲ್ಲಿ ಆ್ಯಬಿ ಮತ್ತು ಎಲಿ ಎದುರಾಗುತ್ತಾರೆ. ಆಡುವವನು ಈಗ ಆ್ಯಬಿ. ಮೊದಲ ಗೇಮಿನುದ್ದಕ್ಕೂ ಬೊಗಸೆ ಕಟ್ಟಿ ಗೋಡೆ ಹತ್ತಿಸಿದ ಅದೇ ಹುಡುಗಿಯನ್ನು ಹೊಡೆಯಬೇಕು.

ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲಿಗೆ ಅಂಕವಿಲ್ಲ. ‘ಕಂಟ್ರೋಲರ್ ಕೆಳಗಿಟ್ಟೆ. ಎಲಿ ನನ್ನನ್ನ ಕೊಂದಳು. ಮತ್ತೆ ಶುರುವಾಯ್ತು. ಆಗಲೂ ಸುಮ್ಮನೆ ಕೂತೆ. ಮೂರನೇ ಸಲ ಒತ್ತಿದೆ.’