‘12 ಗಂಟೆ ರಕ್ಷಣೆ’: ಇದೆಂಥ ಅಳತೆ?

ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳ ಅಂಗಡಿಗಳಲ್ಲೂ ಈಗ ರಾತ್ರಿಯ ಬಳಕೆಗೆಂದೇ ತಯಾರಿಸಿದ ಸ್ಯಾನಿಟರಿ ಪ್ಯಾಡುಗಳು ದೊರೆಯುತ್ತವೆ. ಕೆಲವು ಪೊಟ್ಟಣಗಳ ಮೇಲೆ ‘12 ಗಂಟೆ ರಕ್ಷಣೆ’ ಎಂದಿರುತ್ತದೆ. ಇದು ವೈಜ್ಞಾನಿಕ ಅಳತೆಯೇ?

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಮಲಗಿದಾಗ ಸ್ರಾವ ಹಿಂದಕ್ಕೆ ಹರಿಯುತ್ತದೆ. ಆದ್ದರಿಂದ ಪ್ಯಾಡನ್ನು ಉದ್ದವಾಗಿ, ಹಿಂಬದಿಯಲ್ಲಿ ಅಗಲವಾಗಿ ಮಾಡಿರುವುದು ಸರಿಯಾದ ವಿನ್ಯಾಸ. ಆಕ್ಷೇಪವಿರುವುದು ಗಂಟೆಯ ಲೆಕ್ಕಕ್ಕೆ. ಪ್ಯಾಡು ತುಂಬುವುದು ಗಡಿಯಾರದಿಂದಲ್ಲ, ಸ್ರಾವದಿಂದ. ಒಂದು ಮುಟ್ಟಿನ ಅವಧಿಯಲ್ಲಿ ಸರಾಸರಿ 30–40 ಮಿ.ಲೀ. ರಕ್ತ ಹೋಗುತ್ತದೆ, 80 ಮಿ.ಲೀ. ಮೀರಿದರೆ ಅದು ಅತಿಸ್ರಾವ. ಇಬ್ಬರಿಗೂ ಒಂದೇ ‘12 ಗಂಟೆ’ ಹೇಗೆ ಹೊಂದೀತು?

ಹೀರಿಕೆಯನ್ನು ಅಳೆಯಲು ಬರುವುದಿಲ್ಲವೆಂದೇನಿಲ್ಲ. ಭಾರತೀಯ ಮಾನಕ ಐಎಸ್ 5405ರ 1980ರ ಆವೃತ್ತಿಯಲ್ಲೇ ಸ್ಪಷ್ಟ ಪರೀಕ್ಷೆಯಿತ್ತು: ನಿಮಿಷಕ್ಕೆ 15 ಮಿ.ಲೀ.ನಂತೆ 30 ಮಿ.ಲೀ. ದ್ರವ ಸುರಿದಾಗ ಅಡಿಯಲ್ಲಾಗಲಿ ಬದಿಯಲ್ಲಾಗಲಿ ಸೋರಬಾರದು. ಈ ಮಾನಕ 2019ರಲ್ಲಿ ಪರಿಷ್ಕೃತವಾಯಿತು. ಇಂಥ ಮಿ.ಲೀ. ಲೆಕ್ಕವನ್ನು ಕೊಳ್ಳುವವಳಿಗೆ ತಿಳಿಸಬೇಡವೇ?

ದ್ರವ ಯಾವುದೆಂಬುದೂ ಮುಖ್ಯ. ಪ್ಯಾಡಿನ ಒಳಗಿರುವ ಸೋಡಿಯಂ ಪಾಲಿಅಕ್ರಿಲೇಟ್ ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರನ್ನು ಹೀರಬಲ್ಲದು. ಉಪ್ಪುನೀರನ್ನಾದರೆ ಬಹಳ ಕಡಿಮೆ. ಅಮೆರಿಕದ ಆರೆಗಾನ್‌ನ ಸಂಶೋಧಕರು 21 ಬಗೆಯ ಮುಟ್ಟಿನ ಸಾಧನಗಳನ್ನು ಮಾನವ ರಕ್ತಕಣಗಳಿಂದ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ತಯಾರಕರು ಹೇಳಿದ ಸಾಮರ್ಥ್ಯಕ್ಕೂ ನಿಜವಾದ ಸಾಮರ್ಥ್ಯಕ್ಕೂ ಅಂತರ ಕಂಡುಬಂತು.

ಈ ತಪ್ಪು ಅಳತೆಯಿಂದ ಎರಡು ಹಾನಿಗಳುಂಟು. ಶೌಚಾಲಯವಿಲ್ಲದ ಗದ್ದೆಯಲ್ಲಿ ನಾಟಿ ಮಾಡುವವಳು ಆ ಮಾತನ್ನು ನಂಬಿ ಹಗಲಿಡೀ ಒಂದೇ ಪ್ಯಾಡಿನಲ್ಲಿ ಕಳೆದರೆ, ರಾಯಚೂರು ಸೀಮೆಯ ಬಿಸಿಲಿನಲ್ಲಿ ತೇವ, ಶಾಖ, ತಿಕ್ಕಾಟಗಳು ಸೇರಿ ಚರ್ಮ ಕೆಡುತ್ತದೆ. ಹಗಲಿನಲ್ಲಿ 4–6 ಗಂಟೆಗೊಮ್ಮೆ ಬದಲಿಸುವುದು ಒಳ್ಳೆಯದು. ಎರಡನೆಯದು ಇನ್ನೂ ಗಂಭೀರ. ಇಂಥ ಪ್ಯಾಡು ಎರಡೇ ಗಂಟೆಯಲ್ಲಿ ತುಂಬಿದರೆ ಹುಡುಗಿ ಪ್ಯಾಡನ್ನು ದೂರುತ್ತಾಳೆ; ಅದು ಅತಿಸ್ರಾವವಿರಬಹುದು, ರಕ್ತಹೀನತೆಗೆ ಕಾರಣವಾಗಬಹುದು, ವೈದ್ಯರಿಗೆ ತೋರಿಸಬೇಕು ಎಂದು ಅವಳಿಗೆ ಹೊಳೆಯುವುದಿಲ್ಲ.

ರಾಜ್ಯದಲ್ಲಿ 2013–14ರಲ್ಲಿ ಆರಂಭವಾದ ‘ಶುಚಿ’ ಯೋಜನೆ ಹದಿಹರೆಯದವರಿಗೆ ಉಚಿತ ಪ್ಯಾಡುಗಳನ್ನು ತಲುಪಿಸಿತು. ಪ್ಯಾಡಿನ ಜೊತೆಗೆ ಈ ತಿಳಿವಳಿಕೆಯೂ ತಲುಪಬೇಕು. ಅದಕ್ಕೆ ಶಾಲೆಯ ತಕ್ಕಡಿ ಸಾಕು. ಒಂದೇ ಬಗೆಯ ಎರಡು ಪ್ಯಾಡುಗಳನ್ನು ತೂಗಿ, ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರು ಹಾಕಿ, ಸೋರತೊಡಗಿದಾಗ ಮತ್ತೆ ತೂಗಿರಿ. ಹುಡುಗರೂ ಜೊತೆಗಿರಲಿ. ಪೊಟ್ಟಣ ಹೇಳದ ಸಂಖ್ಯೆಯನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುತ್ತಾರೆ.